ಸಗಣಿ ಗ್ಯಾಸಿಗೆ ಒಪ್ಪದ ಮಾವ

ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಅಂಗೈಯಲ್ಲಿ ಡೀಸೆಲ್ ವಾಸನೆ. ಇವೆರಡೂ ಇಲ್ಲದೆ ನನ್ನ ಸೋದರಮಾವ ಶಿವಪ್ಪನನ್ನು ಯಾರೂ ಕಂಡಿಲ್ಲ. ಹಾನುಬಾಳಿನ ಹತ್ತಿರದ ಎಸ್ಟೇಟೊಂದರಲ್ಲಿ ಕರೆಂಟು ಹುಟ್ಟಿಸುವ ಡೀಸೆಲ್ ಎಂಜಿನ್ ಓಡಿಸುತ್ತಿದ್ದ. ಆಯುಧಪೂಜೆಯಲ್ಲಿ ಎಂಜಿನ್ನಿಗೆ ಬೀಳುತ್ತಿದ್ದಷ್ಟು ದಪ್ಪ ಹಾರ ತನಗೆ ಮದುವೆಯಲ್ಲೂ ಬಿದ್ದಿರಲಿಲ್ಲ ಎಂದು ಅತ್ತೆ ಸಾಯುವವರೆಗೂ ಹೇಳುತ್ತಿದ್ದಳು.

"ಹೊಳೆ ಬ್ಯಾಸ್ಗೇಲಿ ಬತ್ತೋಯ್ತದೆ, ಸೂರ್ಯ ಮಳೆಗಾಲದಲ್ಲಿ ರಜಾ ಹಾಕ್ತಾನೆ. ನನ್ನ ಎಂಜಿನ್ ಹಂಗಲ್ಲ, ಹ್ಯಾಂಡಲ್ ಹೊಡಿ, ಎದ್ದು ನಿಲ್ತದೆ" ಎನ್ನುತ್ತಿದ್ದ. ಡೀಸೆಲ್ ತರುವ ಜೀಪು ಕೆಸರಲ್ಲಿ ಹೂತು, ಎಂಜಿನ್ ಮಲಗಿದ ದಿನಗಳ ಸುದ್ದಿ ಮಾತ್ರ ಅವನ ಬಾಯಿಗೆ ಬರುತ್ತಿರಲಿಲ್ಲ.

ಮಗ್ಗೆಯಿಂದ ಹಾಸನಕ್ಕೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ, ನಮ್ಮ ವಂಶದಲ್ಲೇ ಮೊದಲು ಬಿ.ಎಸ್ಸಿ. ಮುಗಿಸಿದವನು ನಾನು. ಸುಮ್ಮನಿರಲಾದೀತೆ?

"ಕಲ್ಲಿದ್ದಲು, ಎಣ್ಣೆ ಎಲ್ಲ ಒಂದಿನ ಮುಗಿದೋಯ್ತವೆ ಮಾವ. ಬಿಸಿಲು, ಗಾಳಿ, ಸಗಣಿ ಮುಗಿಯಲ್ಲ."

"ಮುಗೀಲಿ ಬುಡೋ ಮಾರಾಯ. ನಿನ್ನ ಕಾಲಕ್ಕಲ್ವಾ? ನನ್ನ ಕಾಲಕ್ಕೆ ಐತೆ!"



ಸೌದೆ ಒಲೆಯ ಹೊಗೆಗೆ ಅವ್ವನ ಕಣ್ಣು ಸದಾ ಕೆಂಪು, ಎದೆಯಲ್ಲಿ ಕೆಮ್ಮು. ಸಕಲೇಶಪುರದ ಡಾಕ್ಟರು, "ಔಷಧಿ ಆಮೇಲೆ, ಮೊದಲು ಹೊಗೆ ಬಿಡಿಸಿ" ಎಂದರು. ಕೆಲಸ ಸಿಕ್ಕಿದ ವರ್ಷವೇ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದೆ. ನೀಲಿ ಉರಿ ಎದ್ದ ದಿನ ಬಂದ ಮಾವ ಮೂಗು ಮುಚ್ಚಿಕೊಂಡ.

"ಸಗಣಿ ಉರೀಲಿ ಬೆಂದದ್ದು ಎಡೆಗೆ ಆಯ್ತದೇನಕ್ಕಾ? ಹಿರೀಕರು ಮುಟ್ಟಾಕಿಲ್ಲ."

"ನಿನ್ನ ಹಣೇಲಿರೋದು ಏನ್ಲಾ? ಸಗಣಿ ಸುಟ್ಟ ಬೂದಿ ತಾನೇ?"

"ಅದು ದೇವರ ಸಗಣಿ ಕಣಕ್ಕ. ಇದು ಸರ್ಕಾರದ್ದು, ಸಬ್ಸಿಡಿ ಸಗಣಿ!"

ಅಂದಿನಿಂದ ನಮ್ಮ ಮನೆಗೆ ಬರುವಾಗ ಚೀಲದಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೌ ತರತೊಡಗಿದ. ಜಗಲಿಯಲ್ಲಿ ಕೂತು ಪಂಪು ಒತ್ತಿ, ಮುಖಕ್ಕೆಲ್ಲ ಮಸಿ ಮಾಡಿಕೊಂಡು ತನ್ನ ಕಾಫಿ ತಾನೇ ಕಾಯಿಸುತ್ತಿದ್ದ. ಸ್ಟೌವಿನ ನಳಿಕೆ ಕಟ್ಟಿಕೊಂಡ ದಿನ ಬಾಯಿ ಒಣಗಿಸಿಕೊಂಡು ಕೂತನೇ ಹೊರತು ಅಡುಗೆಮನೆಗೆ ಕಾಲಿಡಲಿಲ್ಲ. ಇಂಥ ಭಕ್ತನ ಸುದ್ದಿ ತಿಳಿದಿದ್ದರೆ ಎಣ್ಣೆಬಾವಿಗಳ ಅರಬ್ ದೊರೆಗಳು ಕರೆಸಿ ಶಾಲು ಹೊದಿಸುತ್ತಿದ್ದರು. ಅಡುಗೆಮನೆಯೊಳಗೆ ಅವ್ವನ ಕೆಮ್ಮು ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಅದು ಮಾವನಿಗೂ ಕೇಳುತ್ತಿದ್ದಿರಬೇಕು.

ಒಂದು ಮಳೆಗಾಲ ಜ್ವರ ಬಂದು ಮಾವ ಹೋಗಿಬಿಟ್ಟ. ಅವನಿಗೆ ಮಕ್ಕಳಿಲ್ಲ, ಮಹಾಲಯ ಅಮಾವಾಸ್ಯೆಯ ಎಡೆ ನಮ್ಮ ಮನೆಯಲ್ಲೇ ಆಗಬೇಕಾಯಿತು. ಅವ್ವ ಉಳಿದೆಲ್ಲರ ಅಡುಗೆಯನ್ನೂ ಗ್ಯಾಸಿನಲ್ಲೇ ಮುಗಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ, ಮೂರು ಕಲ್ಲು ಹೂಡಿ, ಥಂಡಿ ಹಿಡಿದ ಸೌದೆ ಊದತೊಡಗಿದಳು. ತಮ್ಮನ ಪಾಲಿನ ಹೋಳಿಗೆಗೆ! ಮರೆತೇ ಹೋಗಿದ್ದ ಕೆಮ್ಮು ಒಂದೇ ಸಮ ಎದ್ದಿತು.

"ಡಾಕ್ಟ್ರು ಹೇಳಿದ್ದು ಮರ್ತುಬುಟ್ಯಾ ಅವ್ವಾ? ಯಾವುದ್ರಲ್ಲಿ ಬೇಯ್ಸಿದ್ರೂ ಅವನೇನು ನೋಡಾಕೆ ಬತ್ತಾನಾ?"

"ಬದುಕಿದ್ದಾಗ ಜಗಳ ಆಡ್ದೆ, ಗೆದ್ದೆ. ಈಗ ಎದುರು ಮಾತಾಡಾಕೆ ಅವನೇ ಇಲ್ವಲ್ಲೋ" ಎಂದಳು.

ಊದುಗೊಳವೆಯನ್ನು ಅವಳ ಕೈಯಿಂದ ಕಿತ್ತುಕೊಂಡು, ಮಾವನನ್ನು ಬಾಯಿತುಂಬ ಬೈಯುತ್ತ ನಾನೇ ಊದಿದೆ. ಹೋಳಿಗೆ ಒಂದು ಬದಿ ಸೀದುಹೋಯಿತು. ಅವ್ವ ಅದನ್ನೇ ತುಪ್ಪ ಹಾಕಿ ಎಡೆಗಿಟ್ಟಳು.