ಆರಾಮಾಗಿ ಕೂರುವುದಕ್ಕೆ ಪೂರ್ವಸಿದ್ಧತೆ

ಈ ಜನ್ಮದಲ್ಲಿ ನೀನು ಅತಿ ಹೆಚ್ಚು ಕಷ್ಟಪಟ್ಟದ್ದು ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ, ಮಗಳನ್ನು ಸಾಕಿ ಬೆಳೆಸಿದ್ದಕ್ಕೆ ಎಂದು ಹೇಳುವುದು ಮರ್ಯಾದೆ. ಆದರೆ ನಿಜ ಬೇರೆ. ನಾನು ಅತಿ ಹೆಚ್ಚು ಕಷ್ಟಪಟ್ಟದ್ದು ಕೆರಿಬಿಯನ್ ದ್ವೀಪವೊಂದರ ದಂಡೆಯಲ್ಲಿ ಒಂದು ಹಗಲು ಏನೂ ಮಾಡದೆ ಕೂರುವುದಕ್ಕೆ.

ಹಡಗಿನಲ್ಲಿ ಕ್ರೂಸ್ ಹೋಗೋಣ ಎಂದದ್ದು ನನ್ನ ಗೆಳತಿ ಮಾಲತಿ. ಅವಳಿರುವುದು ಲಾಂಗ್ ಐಲ್ಯಾಂಡಿನ ಜೆರಿಕೋದಲ್ಲಿ, ನಾವಿರುವುದು ಮ್ಯಾನ್‌ಹಟನ್ನಿನಿಂದ ನದಿಯಾಚೆಯ ಫೋರ್ಟ್ ಲೀಯಲ್ಲಿ. ಮೈಸೂರಿನ ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಪಾಠ ಕೇಳದೆ ಇದ್ದವರು ನಾವು. ಅವಳ ಗಂಡ ಪ್ರಭಾಕರ್ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರು. ಊರಿನವರನ್ನೆಲ್ಲ ಮಲಗಿಸಿ ಮಲಗಿಸಿ ತಮಗೇ ನಿದ್ದೆಯಿಲ್ಲವೆಂದು ಗೊಣಗುತ್ತಿದ್ದರು. ನಮ್ಮ ಮನೆಯಲ್ಲೋ, ಮಗಳು ಅನಘಾ ಕೆಲಸ ಸಿಕ್ಕಿ ಚಿಕಾಗೋಗೆ ಹೋದ ಮೇಲೆ ಫ್ರಿಜ್ಜಿನ ಸದ್ದು ಜೋರಾಗಿ ಕೇಳತೊಡಗಿತ್ತು. ನನ್ನ ಗಂಡ ಶ್ರೀಪಾದನದು ಮೊದಲೇ ಮಾತು ಕಡಿಮೆ. ಆ ಚಳಿಗಾಲದಲ್ಲಿ ಇನ್ನೂ ಕಡಿಮೆಯಾಗಿತ್ತು. ಸಮುದ್ರದ ಗಾಳಿ ಬಡಿದರೆ ನಾಲ್ಕು ಮಾತು ಉದುರಬಹುದೆಂಬ ಆಸೆಯಿಂದ ನಾನೂ ಹೂಂ ಅಂದೆ.

ಹಡಗು ನಮ್ಮ ಮನೆಗೆ ಹತ್ತಿರದ ಬೇಯೋನ್ ಬಂದರಿನಿಂದಲೇ ಹೊರಟು ಸೇಂಟ್ ಮಾರ್ಟನ್ ದ್ವೀಪದಲ್ಲಿ ಒಂದು ಹಗಲು ನಿಲ್ಲುತ್ತದೆ. ಉಳಿದ ದಿನಗಳೆಲ್ಲ ನೀರಿನ ಮೇಲೆ. ಆ ಒಂದು ದಿನ ಏನು ಮಾಡುವುದು? ಏನೂ ಮಾಡುವುದು ಬೇಡ, ಸುಮ್ಮನೆ ಕೂರೋಣ ಎಂದು ಎಲ್ಲರೂ ಒಪ್ಪಿದೆವು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶ್ರೀಪಾದ ಮ್ಯಾನ್‌ಹಟನ್ನಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಧಾರವಾಡದವನು ಬೇರೆ.

"ಸುಮ್ಮನ ಕೂಡೂದು ಅಂದ್ರ ತಾನ ಆಗೂದಲ್ಲ" ಎಂದ. "ಇರೂದ ಒಂದ ದಿನ. ಪ್ಲ್ಯಾನ್ ಇಲ್ಲಂದ್ರ ವೇಸ್ಟ್ ಆಗ್ತದ."

ಧಾರವಾಡದ ಕಡೆ ಜನ ಎದುರು ಸಿಕ್ಕರೆ ಮೊದಲು ಕೇಳುವುದೇ "ಆರಾಮೇನ್ರಿ?" ಎಂದು. ಸಂಸ್ಕೃತದಲ್ಲಿ ಆರಾಮ ಎಂದರೆ ಉದ್ಯಾನವಂತೆ. ನಮ್ಮ ಮೈಸೂರಿನವರು ಹೇಳುವುದು ವಿಶ್ರಾಂತಿ. ಶ್ರಾಂತಿ ಎಂದರೆ ದಣಿವು, ಅದು ಹೋದರೆ ವಿಶ್ರಾಂತಿ. ಅಂದರೆ ವಿಶ್ರಾಂತಿ ಬೇಕಾದರೆ ಮೊದಲು ದಣಿದಿರಬೇಕು. ಈ ಮೊದಲ ಭಾಗದ ಹೊಣೆಯನ್ನು ನನ್ನ ಗಂಡ ಬಹಳ ನಿಷ್ಠೆಯಿಂದ ಹೊತ್ತುಕೊಂಡ.

ಶನಿವಾರಗಳಂದು ಝೂಮ್ ಮೀಟಿಂಗ್ ಶುರುವಾಯಿತು. ಊಟ ತಿಂಡಿಗೆ ಮಾಲತಿ ಓನರ್, ಅಂದರೆ ಹೊಣೆ ಹೊರುವವಳು. ಮಳೆ, ಬಿಸಿಲು ಮತ್ತು ಹೊಟ್ಟೆ ಕೆಡುವ ಸಂಭವಕ್ಕೆ ಪ್ರಭಾಕರ್ ಓನರ್. ನನ್ನ ಪಾಲಿಗೆ ಬಂದದ್ದು ಟವೆಲ್ಲು. ದ್ವೀಪದ ಅರ್ಧ ಡಚ್ಚರದು, ಇನ್ನರ್ಧ ಫ್ರೆಂಚರದು, ನಡುವೆ ಗೇಟೂ ಇಲ್ಲ, ಸ್ಟಾಂಪೂ ಇಲ್ಲ ಎಂದು ಶ್ರೀಪಾದ ಓದಿಕೊಂಡಿದ್ದ. ವೀಸಾದ ಸಾಲುಗಳಲ್ಲೇ ಯೌವನ ಕಳೆದ ನಮಗೆ ಹಾಗೂ ಒಂದು ಜಾಗ ಇದೆಯೆಂದು ನಂಬುವುದೇ ಕಷ್ಟವಾಯಿತು. ಪ್ರಭಾಕರ್ ಅಂತೂ ಎಲ್ಲರೂ ಪಾಸ್‌ಪೋರ್ಟ್ ಸೊಂಟಕ್ಕೆ ಕಟ್ಟಿಕೊಂಡೇ ಈಜಬೇಕೆಂದರು. ಫ್ರೆಂಚ್ ಕಡೆ ಜನಸಂದಣಿ ಇಲ್ಲದ ಒಂದು ಬೀಚನ್ನು ಶ್ರೀಪಾದ ಆರಿಸಿದ. ಅಲ್ಲಿ ಕುರ್ಚಿಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ಅವನು ಕೇಳಿದ್ದಕ್ಕೆ ನಮ್ಮ ನಡುವೆ ಚರ್ಚೆಯಾಯಿತು.

ಅನಘಾಳಿಗೆ ಫೋನ್ ಮಾಡಿ ಇದನ್ನೆಲ್ಲ ಬಣ್ಣ ಹಚ್ಚಿ ವರದಿ ಒಪ್ಪಿಸುವುದೇ ಆಗ ನನ್ನ ಮನರಂಜನೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲಿ, "ಅಮ್ಮಾ, ಜಸ್ಟ್ ಟೆಲ್ ಹಿಮ್ ಟು ಸಿಟ್ ಡೌನ್" ಎಂದಳು. ಕೂರುವುದಕ್ಕೇ ಇಷ್ಟೆಲ್ಲ ನಡೆಯುತ್ತಿದೆ ಎಂದೆ.

ಏಪ್ರಿಲ್‌ನಲ್ಲಿ ಡ್ರೈ ರನ್, ಅಂದರೆ ಪೂರ್ವಾಭ್ಯಾಸ, ಆಯಿತು. ತಮಾಷೆಯಲ್ಲ, ನಿಜವಾಗಿಯೂ ಆಯಿತು. ಹೊಸದಾಗಿ ಕೊಂಡ ಮಡಚುವ ಕುರ್ಚಿಗಳನ್ನು ಹೇರಿಕೊಂಡು ನಾವು ನಾಲ್ವರೂ ಜರ್ಸಿ ಶೋರ್‌ಗೆ ಡ್ರೈವ್ ಮಾಡಿದೆವು. ಕಡಲಿನಿಂದ ಬೀಸುವ ಗಾಳಿ ಮೂಳೆಯೊಳಗೆ ಹೊಕ್ಕು ಹೊರಬರುತ್ತಿತ್ತು. ದಪ್ಪ ಜಾಕೆಟ್ಟು, ಟೊಪ್ಪಿಗೆ, ಕೈಗವಸು ತೊಟ್ಟು ಸಾಲಾಗಿ ಕೂತು ನಾವು ಆರಾಮದ ಅಭ್ಯಾಸ ಮಾಡಿದೆವು. ನಾಯಿಯನ್ನು ತಿರುಗಾಡಿಸಲು ಬಂದ ಮುದುಕಿಯೊಬ್ಬಳು ನಿಂತು, ನೀವೆಲ್ಲ ಚೆನ್ನಾಗಿದ್ದೀರಾ ಎಂದು ವಿಚಾರಿಸಿ ಹೋದಳು. ಮಾಲತಿ ಕರಿದು ತಂದಿದ್ದ ಚಕ್ಕುಲಿಯ ಡಬ್ಬಿ ತೆರೆದದ್ದೇ ತಡ, ಕಡಲಹಕ್ಕಿಯೊಂದು ಎರಗಿ ಒಂದು ಚಕ್ಕುಲಿ ಕೊಕ್ಕಿಗೆ ಸಿಕ್ಕಿಸಿಕೊಂಡು ಹಾರಿತು. ಆ ಜಾಗದಲ್ಲಿ ಅಂದು ಸುಖವಾಗಿದ್ದದ್ದು ಅದೊಂದೇ. ಶ್ರೀಪಾದ ಮಾತ್ರ, ಡಬ್ಬಿಯ ಮುಚ್ಚಳ ಬಿಗಿಯಾದದ್ದಿರಬೇಕೆಂದು ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದ. ಅವನ ಕಣ್ಣಲ್ಲಿ ಬಹಳ ದಿನಗಳಿಂದ ಕಾಣದ ಹೊಳಪಿತ್ತು. ನಾನು ಅದನ್ನೂ ಮಗಳಿಗೆ ನಗೆಚಾಟಿಕೆಯಾಗಿ ಹೇಳಿದೆ.

ಮೇ ತಿಂಗಳಿನಲ್ಲಿ ಹೊರಟೆವು. ದ್ವೀಪ ಮುಟ್ಟಿದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಳಿದು ಎಲ್ಲರಿಗಿಂತ ಮೊದಲು ಆರಾಮಾಗಬೇಕೆಂದು ನಮ್ಮನ್ನು ಶ್ರೀಪಾದ ಬೇಗ ಎಬ್ಬಿಸಿದ. ಇಳಿಯುವ ಬಾಗಿಲಲ್ಲಿ ಆಗಲೇ ಉದ್ದನೆಯ ಸಾಲು. ಹಡಗಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಬರವಿರಲಿಲ್ಲ.

ಗೊತ್ತುಮಾಡಿದ್ದ ವ್ಯಾನ್ ಬಂದಿತ್ತು, ಹತ್ತಿದೆವು. ಎಡಕ್ಕೆ ಗುಡ್ಡ, ಬಲಕ್ಕೆ ಬಣ್ಣ ಬಣ್ಣದ ಮನೆ, ಮುಂದೆ ಒಂದೇ ಸಮನೆ ವಾಹನಗಳು. ಸ್ವಲ್ಪ ದೂರ ಹೋಗಿ ವ್ಯಾನ್ ನಿಂತೇಬಿಟ್ಟಿತು. ಮುಂದಿನ ಸೇತುವೆಯನ್ನು ದೋಣಿಗಳು ದಾಟಲೆಂದು ಎತ್ತಿದ್ದಾರೆ, ಇಳಿಸುವವರೆಗೂ ಹೀಗೇ ಎಂದು ಡ್ರೈವರ್ ಹೇಳಿ ರೇಡಿಯೋ ಹಾಕಿದ. ಗಾಜಿನಿಂದ ಇಣುಕಿದರೆ ಶ್ರೀಮಂತರ ಬಿಳಿ ದೋಣಿಗಳು ಮದುವೆ ಮೆರವಣಿಗೆಯಂತೆ ನಿಧಾನವಾಗಿ ಒಳಗೆ ಬರುತ್ತಿದ್ದವು. ದಿನವೂ ಜಾರ್ಜ್ ವಾಷಿಂಗ್ಟನ್ ಬ್ರಿಡ್ಜಿನ ಟ್ರಾಫಿಕ್ಕಿನಲ್ಲಿ ಆಯುಷ್ಯ ಸವೆಸುವ ಮನುಷ್ಯನನ್ನು ದುಡ್ಡು ಕೊಟ್ಟು ಹಡಗು ಹತ್ತಿಸಿ, ಇಷ್ಟು ದೂರ ತಂದು, ಇನ್ನೊಂದು ಬ್ರಿಡ್ಜಿನ ಮುಂದೆ ನಿಲ್ಲಿಸಿದ್ದರು.

ಪ್ರಭಾಕರ್ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯತೊಡಗಿದರು. ಯಾವ ಓನರ್ ಇಲ್ಲದೆಯೂ ಆ ಕೆಲಸ ಸುಸೂತ್ರವಾಗಿ ನಡೆಯಿತು. ಸೇತುವೆ ಇಳಿದ ಮೇಲೂ ಸಾಲು ಕದಲಲಿಲ್ಲ. ಹೀಗೇ ಹೋದರೆ ಆ ಬೀಚು ಮುಟ್ಟುವ ಹೊತ್ತಿಗೆ ವಾಪಸು ಹೊರಡಬೇಕಾಗುತ್ತದೆ ಎಂದು ಸ್ಪಷ್ಟವಾಯಿತು. ಶ್ರೀಪಾದ ಮುಂದಿನ ಸೀಟಿನ ಬೆನ್ನನ್ನು ನೋಡುತ್ತಾ ಕೂತಿದ್ದ. ನಾನೇ ಡ್ರೈವರನಿಗೆ ಹೇಳಿ, ವ್ಯಾನನ್ನು ಬಂದರಿನ ಪಕ್ಕದ ಊರಿಗೆ ತಿರುಗಿಸಿದೆ.

"ಬ್ರಿಡ್ಜು ಎತ್ತಿದ್ದೇ ಒಳ್ಳೇದಾಯ್ತು ಕಣೆ" ಎಂದು ಮಾಲತಿ ಪಿಸುಗುಟ್ಟಿದಳು. "ಇಲ್ಲೇ ಅಂಗಡಿಗಳಿದಾವಂತೆ." ಅರೆನಿದ್ದೆಯ ಗಂಡನನ್ನು ಎಳೆದುಕೊಂಡು ಆ ಕಡೆ ಹೋದಳು.

ಊರಿನ ಎದುರಿಗೇ ಒಂದು ಬೀಚು. ನಮ್ಮ ಹಡಗಿನವರೆಲ್ಲ ಅಲ್ಲೇ ಇದ್ದರು. ಅವರನ್ನು ದಾಟಿ ಮರಳಿನ ಕೊನೆಯವರೆಗೂ ನಡೆದು, ಒಂದು ಮರದ ನೆರಳಿನಲ್ಲಿ ಟವೆಲ್ಲು ಹಾಸಿದೆ. ನನ್ನ ಇಲಾಖೆಯಾದರೂ ಸರಿಯಾಗಿ ನಡೆಯುತ್ತಿತ್ತು. ಇಬ್ಬರೂ ಕೂತೆವು. ನೀರು ನೀಲಿಯಾಗಿತ್ತು. ಹೇಳುವುದಕ್ಕೆ ಬೇರೆ ಏನೂ ಇರಲಿಲ್ಲ.

ಸುಮ್ಮನಿರಲಾರದೆ ನಾನು, "ನಿಮ್ಮ ಪ್ರಾಜೆಕ್ಟು ಡಿಲೇ ಆಯ್ತಲ್ಲ, ನಾಳೆ ಬಾಸ್‌ಗೆ ಏನು ಹೇಳ್ತೀರಿ?" ಎಂದು ಚುಚ್ಚಿದೆ.

ಅವನು ನಗಲಿಲ್ಲ. ಮರಳನ್ನು ಬೆರಳಿನಿಂದ ಗೀರುತ್ತಾ, "ಕೇಳಾವ್ರು ಯಾರೂ ಇಲ್ಲ" ಎಂದ.

"ಅಂದ್ರೆ?"

"ನನ್ನ ಟೀಮ್ ತಗದ್ರು. ಚಳಿಗಾಲದಾಗ. ಕೆಲಸ ಎಲ್ಲಾ ಬ್ಯಾರೆದವ್ರಿಗೆ ಹೋತು. ನಾ ದಿನಾ ಹೋಗ್ತೀನಿ, ಕೂಡ್ತೀನಿ, ಬರ್ತೀನಿ. ಒಂದು ಮೀಟಿಂಗ್‌ಗೂ ಕರಿಯೂದಿಲ್ಲ."

"ಯಾಕೆ ಹೇಳ್ಲಿಲ್ಲ ರೀ?"

"ಏನಂತ ಹೇಳ್ಲಿ? ಆಫೀಸ್‌ನ್ಯಾಗ ಆರಾಮ್ ಇದ್ದೀನಿ ಅಂತ ಹೇಳ್ಲೇನು?"

ತಿಂಗಳುಗಟ್ಟಲೆ ಈ ಮನುಷ್ಯ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹತ್ತಿ ನದಿ ದಾಟಿ, ಸುಮ್ಮನೆ ಕೂತು ಮರಳಿ ಬಂದಿದ್ದಾನೆ. ಅವನಿಗೆ ಬೇಡವಾದದ್ದು ಏನಾದರೂ ಇದ್ದರೆ ಅದು ಒಂದು ದಿನದ ಬಿಡುವು. ಅದನ್ನೇ ನಾವು ಅವನಿಗೆ ಬಹುಮಾನವಾಗಿ ಕೊಟ್ಟಿದ್ದೆವು. ಅವನು ಅದರೊಳಗಿನಿಂದಲೇ ತನಗೊಂದು ಕೆಲಸ ಹುಟ್ಟಿಸಿಕೊಂಡಿದ್ದ. ನಾನು ಅದನ್ನು ಚಿಕಾಗೋಗೆ ಫೋನಿನಲ್ಲಿ ಹಂಚಿ ನಕ್ಕಿದ್ದೆ.

"ಕುರ್ಚಿಗಳು ಯಾವ ದಿಕ್ಕಿಗೆ ಅಂತ ನೀವು ಕೇಳಿದ್ದು ಸರಿಯಾಗೇ ಇತ್ತು" ಎಂದೆ. "ಅಲ್ಲಿಗೆ ಹೋಗಿದ್ರೆ ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೇ ಬೀಳ್ತಿತ್ತು."

"ಹೌದಲ್ಲ?" ಎಂದು ಅವನು ನನ್ನ ಕಡೆ ತಿರುಗಿದ. ಆಮೇಲೆ ಮಾತು ಬಂತು. ಯಾರು ತನ್ನ ಜಾಗಕ್ಕೆ ಬಂದರು, ಯಾರು ಲಿಫ್ಟಿನಲ್ಲಿ ಕಂಡರೂ ಫೋನ್ ನೋಡುವಂತೆ ನಟಿಸುತ್ತಾರೆ, ಕಂಪನಿ ತಾನಾಗಿ ಬಿಟ್ಟುಹೋಗುವವರಿಗೆ ಏನು ಕೊಡುತ್ತೇನೆನ್ನುತ್ತಿದೆ. ಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆಯನ್ನೂ ಹೇಳಿದ. ಬಿಡಿ, ಮುಂದಿನದನ್ನು ಇಬ್ಬರೂ ಕೂತು ನೋಡೋಣ ಎಂದೆ. ಬೇಸಿಗೆ ಮುಗಿಯುವ ಮೊದಲೇ ಅವನು ಬಿಟ್ಟ. ಈಗ ಸೀಕಾಕಸ್‌ನ ಒಂದು ಸಣ್ಣ ಗೋದಾಮಿನ ಕಂಪನಿಗೆ ವಾರದಲ್ಲಿ ಕೆಲವು ದಿನ ಹೋಗಿ, ಅಲ್ಲಿನವರ ಪ್ರಾಣ ಹಿಂಡುತ್ತಾನೆ. ಅವರು ದೂರಲು ನನಗೇ ಫೋನ್ ಮಾಡುತ್ತಾರೆ, ಆದರೂ ಅವನು ಅವರಿಗೆ ಬೇಕು.

ಆದರೆ ಅದು ಆಮೇಲಿನ ಮಾತು. ಆ ಮಧ್ಯಾಹ್ನ ಹೇಳುವುದೆಲ್ಲ ಮುಗಿದ ಮೇಲೆ ಅವನು ಟವೆಲ್ಲಿನ ಮೇಲೆ ಅಡ್ಡಾದ, ಹಾಗೇ ನಿದ್ದೆ ಹೋದ. ಬಾಯಿ ಸ್ವಲ್ಪ ತೆರೆದಿತ್ತು. ನೆರಳು ಸರಿದು ಮುಖದ ಮೇಲೆ ಬಿಸಿಲು ಬಿದ್ದಾಗ ನಾನು ಜರುಗಿ ಅಡ್ಡ ಕೂತೆ, ಮತ್ತೆ ಬಿದ್ದಾಗ ಮತ್ತೆ ಜರುಗಿದೆ. ಎದುರಿನ ಬಂದರಿನಿಂದ ಒಂದು ದೊಡ್ಡ ಹಡಗು ಭೋಂ ಎಂದು ಕೂಗಿ ನಿಧಾನವಾಗಿ ಹೊರಟಿತು. ಅದರ ಸದ್ದಿಗೆ ಅವನು ಗಾಬರಿಯಿಂದ ಎದ್ದು ಕೂತ, ಕೆನ್ನೆಯ ತುಂಬ ಮರಳು.

"ಏನಾತು? ನಾ ಏನರೆ ಮಿಸ್ ಮಾಡಿದ್ನೇನು?"

"ಏನಿಲ್ಲ" ಎಂದೆ. "ಒಂದು ಹಡಗು ಹೋಯ್ತು. ನಮ್ಮದಲ್ಲ."