ಸೋಮವಾರದ ಎಣ್ಣೆ

ಕೊಟ್ಟೂರಿನ ಗಾಣಿಗರ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ನಾಗಲಿಂಗಮ್ಮ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನು ಸವರಿ, ನೊಗಕ್ಕೆ ಹೂಡುತ್ತಾಳೆ. ಕಲ್ಲಿನ ಒರಳಿಗೆ ಹನ್ನೆರಡು ಕಿಲೋ ಬೀಜ ಬೀಳುತ್ತದೆ. ಮರದ ಒನಕೆ ಕಿರ್ ಎಂದು ತಿರುಗತೊಡಗುತ್ತದೆ. ಹಿಡಿ ನೀರು ಚಿಮುಕಿಸಿ, ಅಂಚಿಗೆ ಹತ್ತಿದ ಪುಡಿಯನ್ನು ಕೈಯಿಂದ ಒಳಗೆ ತಳ್ಳುತ್ತ, ಆಕೆಯೂ ಎತ್ತಿನ ಹಿಂದೆ ಸುತ್ತುತ್ತಾಳೆ.

ಮೊದಲ ಸುತ್ತಿನ ಎಣ್ಣೆ ಇಳಿಯುವ ಮುಂಚೆಯೇ ಬಾಗಿಲಲ್ಲಿ ಗಾದೆಮ್ಮ ಬಂದು ನಿಲ್ಲುತ್ತಾಳೆ. ಕೂಡ್ಲಿಗಿ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವಳು. ಕೈಯಲ್ಲಿ ಖಾಲಿ ಡಬ್ಬಿ.

"ಯಕ್ಕಾ, ಎರಡು ಕಿಲೋ ಎಣ್ಣಿ ಹಾಕು."

"ಉಣ್ಣೋರು ಯಾರವ್ವ?"

"ಯಾರರ ಉಣ್ತಾರ, ನಿನಗ್ಯಾಕ? ರೊಕ್ಕ ಕೊಡಾಕಿ ನಾನು."

"ರೊಕ್ಕ ನೀ ಕೊಡ್ತಿ. ಹೊಟ್ಟಿ ಯಾರದು?"

ಗಾದೆಮ್ಮ ನಗುತ್ತಾಳೆ. ಮಗಳು ಮಾಲಾ ಹೆತ್ತು ಹನ್ನೊಂದು ದಿನ. ಉಂಡದ್ದು ಎದೆಯಲ್ಲೇ ನಿಲ್ಲುತ್ತದಂತೆ. ನಾಗಲಿಂಗಮ್ಮ ಎದುರಿಗಿದ್ದ ಎಣ್ಣೆಯ ಕೊಡ ಬಿಟ್ಟು ಒಳಕೋಣೆಗೆ ಹೋಗಿ, ದಾರ ಕಟ್ಟಿದ ಬೇರೊಂದು ಡಬ್ಬ ತರುತ್ತಾಳೆ. "ಎರಡು ಕಿಲೋ ಬ್ಯಾಡ. ಅರ್ಧ ಕಿಲೋ ಒಯ್ಯಿ. ದಿನಕ್ಕ ಎರಡು ಚಮಚ, ಅಷ್ಟ. ಇದು ಔಷಧ ಅಲ್ಲ ಮತ್ತ. ಜ್ವರ ಗಿರ ಬಂದ್ರ ಡಾಕ್ಟರ ಹತ್ರ ಕರ್ಕೊಂಡು ಹೋಗು."

ಎರಡು ಕಿಲೋ ಕೇಳಿದವರಿಗೆ ಅರ್ಧ ಕಿಲೋ ಕೊಟ್ಟು ಕಳಿಸುವ ವ್ಯಾಪಾರಿಯನ್ನು ಈ ಸೀಮೆಯಲ್ಲಿ ಬೇರೆಲ್ಲೂ ಕಾಣುವುದು ಕಷ್ಟ. ಹಗರಿಬೊಮ್ಮನಹಳ್ಳಿ, ಹಿರೇಹಡಗಲಿ, ಹರಪನಹಳ್ಳಿಗಳಿಂದಲೂ ಜನ ಈ ದಾರದ ಡಬ್ಬ ಹುಡುಕಿಕೊಂಡು ಬರುತ್ತಾರೆ. ಓಣಿಯಲ್ಲಿ ಅದಕ್ಕೆ 'ಸೋಮವಾರದ ಎಣ್ಣೆ' ಎಂದೇ ಹೆಸರು. ಅದು ಹುಟ್ಟಿದ್ದು ಮಾರುವುದಕ್ಕಲ್ಲ, ಮನೆಯ ಹಿರಿಯನ ಊಟಕ್ಕೆ.

ಮಾವ ಹಾಲಸ್ವಾಮಿಗೆ ಈಗ ಎಂಬತ್ತೊಂದು. ಐವತ್ತು ವರ್ಷ ಗಾಣ ಆಡಿಸಿದ ಮನುಷ್ಯ. ಬಿಸಿ ರೊಟ್ಟಿಯ ನಡುವೆ ಗುಳಿ ಮಾಡಿ, ಎಣ್ಣೆ ಸುರಿದು, ಶೇಂಗಾ ಚಟ್ನಿಪುಡಿ ಕಲಸಿ ತಿಂದು ಬೆಳೆದವರು. ಐದು ವರ್ಷದ ಹಿಂದೆ ಅವರಿಗೆ ಕಾಮಾಲೆ ಬಂತು. ಕಣ್ಣಿನ ಹಳದಿ ಎರಡು ತಿಂಗಳಲ್ಲಿ ಇಳಿಯಿತು. ಆದರೆ ಎಣ್ಣೆ ಮಾತ್ರ ಹೊಟ್ಟೆಗೆ ಒಗ್ಗದಾಯಿತು. ಒಗ್ಗರಣೆ ಬಿದ್ದ ಸಾರು ಉಂಡರೂ ಹುಳಿತೇಗು, ಹೊಟ್ಟೆಭಾರ. ಡಾಕ್ಟರು, ಸ್ವಲ್ಪ ಸ್ವಲ್ಪ ಕೊಟ್ಟು ಯಾವುದು ಒಗ್ಗುತ್ತದೋ ನೋಡಿ ಎಂದರು. ಮುದುಕ ಒಣರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನತೊಡಗಿದರು. ವರ್ಷ ಕಳೆಯುವುದರೊಳಗೆ ಅಂಗಿ ಜೋತುಬಿತ್ತು. ಗಾಣದ ಕಡೆ ಬರುವುದನ್ನೇ ಬಿಟ್ಟರು.

"ಎಣ್ಣಿ ತೆಗಿಯೋ ಮನಿಯಾಗ ಹಿರೇ ಮನುಷ್ಯ ಒಣರೊಟ್ಟಿ ಕಡಿಯಾಕ ಹತ್ಯಾರ. ನನಗ ತುತ್ತು ಇಳಿಯವಲ್ದಾಗಿತ್ತು ನೋಡ್ರಿ," ಎನ್ನುತ್ತಾಳೆ ನಾಗಲಿಂಗಮ್ಮ.

ಆಕೆ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯಲು ಶುರುಮಾಡಿದಳು. ದಿನಾ ಮಾವನ ಸಾರಿಗೆ ಒಂದು ಚಮಚ ಎಣ್ಣೆ. ಹೊಟ್ಟೆ ಕೆಟ್ಟ ದಿನ ಒಂದು ಗೆರೆ. ಆರು ವಾರ ಕಳೆದ ಮೇಲೆ ನೋಡಿದರೆ, ಮಂಗಳವಾರಗಳ ಜಾಗದಲ್ಲಿ ಮಾತ್ರ ಗೆರೆ ಕಡಿಮೆ.

"ಮಂಗಳವಾರ ದೇವಿ ವಾರ, ಆಕಿ ಕಾಯ್ತಾಳ," ಎಂದ ಗಂಡ ಯರ್ರಿಸ್ವಾಮಿ.

"ಹಂಗಾರ ಬುಧವಾರ ಆಕಿ ಎಲ್ಲಿ ಹೋಗ್ತಾಳ?" ಎಂದು ಕೇಳಿದಳು ಈಕೆ.

ಉತ್ತರ ಕೊಟ್ಟಿಗೆಯಲ್ಲೇ ಇತ್ತು. ಬಸವಣ್ಣನ ವಾರವೆಂದು ಇವರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂದು ಗಾಣ ಇಲ್ಲ, ವ್ಯಾಪಾರವೂ ಇಲ್ಲ. ಉಳಿದ ದಿನ ಅಡುಗೆಗೆ ಬರುವುದು ಹಿಂದಿನ ದಿನ ತೆಗೆದ ಕದಡು ಎಣ್ಣೆ. ಮಂಗಳವಾರದ್ದು ಮಾತ್ರ ಭಾನುವಾರ ತೆಗೆದದ್ದು. ಸೋಮವಾರ ಪೂರ್ತಿ ಯಾರೂ ಕದಡದೆ ಬಿಟ್ಟದ್ದರಿಂದ ಅದರ ಗಸಿ ತಳಕ್ಕೆ ಇಳಿದಿರುತ್ತಿತ್ತು.

ಒಂದು ದಿನದ ಬದಲು ಎಂಟು ದಿನ ಬಿಟ್ಟು ನೋಡಿದಳು. ಮೇಲಿನ ಮುಕ್ಕಾಲು ಪಾಲನ್ನಷ್ಟೇ ಬಸಿದಳು. ಗೋಡೆಯ ಗೆರೆಗಳು ಅರ್ಧಕ್ಕೆ ಇಳಿದವು. ಇನ್ನರ್ಧ ಉಳಿದದ್ದು ಏಕೆ? ಆಕೆಗೆ ಅನುಮಾನ ಬಂದದ್ದು ಮನೆತನದ ಹೆಮ್ಮೆಯ ಮೇಲೇ. ಈ ಗಾಣದಲ್ಲಿ ಶೇಂಗಾವನ್ನು ಕೆಂಪಗೆ ಹುರಿದೇ ಹಾಕುವುದು ರೂಢಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಆ ವಾಸನೆಯೇ ದಾರಿ ತೋರಿಸುತ್ತಿತ್ತು.

ನಾಗಲಿಂಗಮ್ಮ ಬೀಜ ಹುರಿಯದೆ ಬರೀ ಬಿಸಿಲಿಗೆ ಹಾಕಿ, ಜೊತೆಗೆ ಕುಸುಬೆ ಸೇರಿಸಿ ತೆಗೆದಳು. ಹಾಲಸ್ವಾಮಿ ತಾಟನ್ನು ಮೂಗಿನ ಹತ್ತಿರ ಹಿಡಿದವರೇ ಆಚೆ ತಳ್ಳಿದರು.

"ಇದ್ಯಾರ ಎಣ್ಣಿ?"

"ನಮ್ದ ರೀ ಮಾವಾರ."

"ನಮ್ಮಪ್ಪನ ಗಾಣದಾಗ ಇಂಥ ನೀರು ಬಂದಿಲ್ಲ. ತಗೊಂಡು ಹೋಗು."

ಹೊಟ್ಟೆ ಒಪ್ಪುತ್ತದೋ ಇಲ್ಲವೋ ನೋಡುವ ಮುಂಚೆಯೇ ಮೂಗು ಒಪ್ಪಲಿಲ್ಲ. ಮುಂದಿನ ನಾಲ್ಕು ತಿಂಗಳು ಸೊಸೆ ಮತ್ತು ಮಾವನ ಮೂಗಿನ ನಡುವೆ ನಡೆದದ್ದೇ ಹೋರಾಟ. ಒಂದೊಂದು ಹದಕ್ಕೆ ಒಂದೊಂದು ಬಾಟಲಿ, ಕುತ್ತಿಗೆಗೆ ದಾರ, ದಾರಕ್ಕೆ ಎಣಿಕೆಯ ಗಂಟು. ಯರ್ರಿಸ್ವಾಮಿ ಕಟ್ಟೆಯ ಮೇಲೆ ಕೂತವರ ಮುಂದೆ, "ಮಂದಿ ಸೊಸೇರು ಮಾವಗ ಚಾ ಕಾಸಿ ಕೊಡ್ತಾರ. ನಮ್ಮಾಕಿ ಮಾವನ ಹೊಟ್ಟಿ ಮ್ಯಾಲೆ ಗಾಣ ಹೂಡ್ಯಾಳ," ಎಂದು ನಗುತ್ತಿದ್ದ. ಒಂದು ಗಂಟಿನದು ಸಪ್ಪೆ. ಐದು ಗಂಟಿನದರಲ್ಲಿ ಎಳ್ಳು ಹೆಚ್ಚಾಗಿ ಕಹಿ. ಒಂಬತ್ತಕ್ಕೆ ಮುದುಕ, "ಹೂಂ, ಹತ್ರ ಬಂದಿ," ಎಂದರಂತೆ.

ಹನ್ನೊಂದನೆಯ ಗಂಟು: ಏಳು ಕಿಲೋ ಕುಸುಬೆ, ನಾಲ್ಕು ಕಿಲೋ ಹುರಿಯದ ಶೇಂಗಾ, ಕೈ ಬೆಚ್ಚಗಾಗುವಷ್ಟೇ ಬಿಸಿ ತಾಗಿದ ಒಂದು ಕಿಲೋ ಬಿಳಿ ಎಳ್ಳು. ಎಂಟು ದಿನ ಬಿಟ್ಟು ಬಸಿದದ್ದು. ರೊಟ್ಟಿಯ ಮೇಲೆ ಒಂದು ಚಮಚ ಹಾಕಿ ಸೊಸೆ ಬಾಗಿಲ ಹಿಂದೆ ನಿಂತಳು.

"ಏನಂದ್ರು?" ಎಂದು ಕೇಳಿದರೆ ನಾಗಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾಳೆ. "ಏನೂ ಅನ್ನಲಿಲ್ಲ. ರೊಟ್ಟಿ ಖಾಲಿ ಆತು. ಸಂಜಿಕ ತೇಗು ಬರ್ಲಿಲ್ಲ. ಮರುದಿನ ಬೆಳಿಗ್ಗೆ ನೋಡ್ತೀನಿ, ಗಾಣದ ಕಟ್ಟಿ ಮ್ಯಾಲೆ ಬಂದು ಕುಂತಾರ."

ಅದು ನಡೆದು ಈಗ ಮೂರು ವರ್ಷ. ಎರಡು ಎತ್ತು ಸರದಿಯ ಮೇಲೆ ಸುತ್ತುತ್ತವೆ. ದಿನಕ್ಕೆ ಮೂರು ಗಾಣ, ವಾರಕ್ಕೆ ಹದಿನೆಂಟು. ಅದರಲ್ಲಿ ಎರಡು ಮಾತ್ರ ಹನ್ನೊಂದು ಗಂಟಿನದು. ಹನ್ನೆರಡು ಕಿಲೋ ಬೀಜಕ್ಕೆ ನಾಲ್ಕು ಕಿಲೋ ಎಣ್ಣೆ ಬಂದರೆ ಹೆಚ್ಚು, ಅದರಲ್ಲೂ ತಳದ ಕಾಲು ಪಾಲು ದೀಪಕ್ಕೆ. ಇನ್ನೂ ನಾಲ್ಕು ಗಾಣ ತೆಗೆ ಎನ್ನುವವರಿದ್ದಾರೆ. ಆಕೆ ಒಪ್ಪುವುದಿಲ್ಲ. "ಎಂಟು ದಿನ ಇಡಾಕ ನನ್ನ ಹತ್ರ ಇರೋದು ಒಂದ ಕೋಣಿ. ಅವಸರ ಮಾಡಿದ್ರ ಅದು ಮತ್ತ ಬುಧವಾರದ ಎಣ್ಣಿ ಆಕ್ಕೈತಿ." ಹುರಿದ ಶೇಂಗಾ ಎಣ್ಣೆಯನ್ನೂ ಬಿಟ್ಟಿಲ್ಲ. ಗಟ್ಟಿ ಹೊಟ್ಟೆಯವರಿಗೆ ಅದೇ ರುಚಿ.

ಮಧ್ಯಾಹ್ನ ಎತ್ತು ಬಿಚ್ಚಿದ ಮೇಲೆ ಊಟ. ಹಾಲಸ್ವಾಮಿ ರೊಟ್ಟಿಯ ನಡುವೆ ಗುಳಿ ಮಾಡಿ ತಾಟು ಮುಂದೆ ಚಾಚುತ್ತಾರೆ. ಒಂದು ಚಮಚ ಬೀಳುತ್ತದೆ. ತಾಟು ಹಿಂದೆ ಸರಿಯುವುದಿಲ್ಲ.

"ಇನ್ನೊಂದು ಹಾಕವ್ವ."

"ಒಂದ ಚಮಚ ರೀ ಮಾವಾರ."

"ಐವತ್ತು ವರ್ಷ ಗಾಣ ಆಡಿಸಿದಾಂವಗ ಒಂದು ಚಮಚ! ಕಂಡೀರಿಲ್ಲೋ, ಎಂಥ ಜುಗ್ಗಿ ಅದಾಳ."

ನಿಮಗೇನು ಆಸೆ ಎಂದು ನಾಗಲಿಂಗಮ್ಮನನ್ನು ಕೇಳಿದರೆ ಚಮಚ ಕೈಯಲ್ಲಿ ಹಿಡಿದೇ ಯೋಚಿಸುತ್ತಾಳೆ. "ಸೋಮವಾರ ಎತ್ತಿಗೂ ಸೂಟಿ ಐತಿ, ಎಣ್ಣಿಗೂ ಸೂಟಿ ಐತಿ. ನನಗೂ ಒಂದು ಸೋಮವಾರ ಕೊಟ್ರ ಸಾಕು."

ಮುದುಕ ರೊಟ್ಟಿ ಮುರಿಯುವುದನ್ನು ನಿಲ್ಲಿಸುತ್ತಾರೆ. "ಬರೋ ಸೋಮವಾರ ನೀ ಕುಂದ್ರವ್ವ. ಒಗ್ಗರಣಿ ನಾ ಹಾಕ್ತೀನಿ."

"ನೀವಾ? ಡಬ್ಬ ಪೂರಾ ಸುರುವ್ತೀರಿ!"

"ಇಲ್ಲ ಬಿಡು," ಎನ್ನುತ್ತ ಹಾಲಸ್ವಾಮಿ ತಾಟನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. "ಹನ್ನೊಂದು ಗಂಟಿಂದು. ಒಂದ ಚಮಚ."