ನೀರಿನಿಂದ ಐದು ಮೀಟರು

ಮೂಡುಬಿದಿರೆಗೂ ಬಂಟ್ವಾಳಕ್ಕೂ ನಡುವೆ ಎಲ್ಲೋ ಇರುವ ನಮ್ಮ ಗ್ರಾಮ ಪಂಚಾಯತಿಗೆ ನಾನು ಸದಸ್ಯೆಯಾದದ್ದು ಒಂದು ತೋಡಿಗಾಗಿ, ಒಂದು ಸಣ್ಣ ಹಳ್ಳಕ್ಕಾಗಿ. ನಿವೃತ್ತ ಟೀಚರಿಗೆ ಬೇರೆ ಕೆಲಸವಿಲ್ಲವೆಂದು ಊರವರೂ ಮತ ಹಾಕಿದರು. ಪ್ರತಿ ಡಿಸೆಂಬರಿನಲ್ಲಿ ತೋಡಿನ ಬದಿಯ ಆರು ಮನೆಯವರು ಅದಕ್ಕೆ ಕಟ್ಟ ಹಾಕುತ್ತಾರೆ. ಎರಡೂ ದಡದ ಹೊಳೆಮತ್ತಿ ಮರಗಳ ಬೇರಿಗೆ ಅಡ್ಡ ದಿಮ್ಮಿ ಸಿಕ್ಕಿಸಿ, ಕಲ್ಲು, ಸೊಪ್ಪು, ಮಣ್ಣು ತುಂಬಿ ನೀರು ನಿಲ್ಲಿಸುವುದು. ಎಲ್ಲರನ್ನೂ ಕೂಗಿ ಸೇರಿಸುವವರು ಕೆಳಮನೆಯ ಅಕ್ಕ. ಕಟ್ಟ ನಿಂತರೆ ಆರೂ ಮನೆಯ ಬಾವಿಗಳಲ್ಲಿ ಬೇಸಗೆಯಿಡೀ ನೀರು. ನೆರಳಿನ ಗುಂಡಿಯಲ್ಲಿ ಮೀನು, ಮೀನಿನ ಆಸೆಗೆ ಬರುವ ನೀರುನಾಯಿಗಳ ಸಂಸಾರ. ಮರ ಹೋದರೆ ಇದೆಲ್ಲವೂ ಹೋಯಿತು.

ದಡದ ಗುಡ್ಡೆಯ ಧಣಿಗಳು ತೋಡಿನ ಅಂಚಿನವರೆಗೂ ರಬ್ಬರು ಹಾಕುವ ಯೋಚನೆ ಮಾಡಿದಾಗ ನಾನು ಕಚೇರಿಗಳಿಗೆ ಅಲೆದೆ. ಅರಣ್ಯದವರು ಜಾಗ ಕಂದಾಯದ್ದು ಎಂದರು. ಕಂದಾಯದವರು ಮರ ಅರಣ್ಯದ್ದು ಎಂದರು. ನೀರಾವರಿಯವರಿಗೆ ತೋಡು ತೀರಾ ಸಣ್ಣದಾಯಿತು. ಎಲ್ಲರೂ ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಕೊನೆಗೆ ಒಬ್ಬ ಪುಣ್ಯಾತ್ಮರು, ಸ್ಥಳೀಯ ಸರಕಾರವೆಂದರೆ ನೀವೇ ಅಲ್ಲವೇ, ಒಂದು ನಿರ್ಣಯ ಮಾಡಿ ಎಂದು ಸಲಹೆಯಿತ್ತರು. ಸರಕಾರವೆಂದರೆ ನಾನೇ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸ್ವಲ್ಪ ಬೀಗಿದೆ ಕೂಡ.

ಆಟಿ ತಿಂಗಳ ಜಡಿಮಳೆಯಲ್ಲಿ ಗ್ರಾಮಸಭೆ. ಟೀಚರ ಕನ್ನಡ ಚೆನ್ನಾಗಿದೆಯೆಂದು ನಿರ್ಣಯ ಬರೆಯುವ ಗೌರವವೂ ನನಗೇ ಸಿಕ್ಕಿತು. 'ತೋಡಿನ ನೀರಿನಿಂದ ಐದು ಮೀಟರಿನೊಳಗಿನ ಯಾವ ಮರವನ್ನೂ ಕಡಿಯಕೂಡದು.' ಆಗ ನೀರು ಮರಗಳ ಬೇರನ್ನೇ ತೊಳೆಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಧಣಿಗಳು. ನನಗೆ ಆಗಲೇ ಅನುಮಾನ ಬರಬೇಕಿತ್ತು, ಆದರೆ ಹೊಗಳಿಕೆಯ ಮುಂದೆ ಬುದ್ಧಿ ಎಲ್ಲಿ ಕೆಲಸ ಮಾಡುತ್ತದೆ?

ನಮ್ಮಲ್ಲಿ ಮಳೆ ಬರುವ ಮುನ್ನ ಕಟ್ಟ ಬಿಡಿಸುತ್ತಾರೆ, ಇಲ್ಲದಿದ್ದರೆ ಮೊದಲ ನೆರೆ ದಡವನ್ನೇ ಕೊಚ್ಚಿಕೊಂಡು ಹೋಗುತ್ತದೆ. ಮುಂದಿನ ಮೇ ತಿಂಗಳಲ್ಲಿ ಅಕ್ಕ ಕಟ್ಟ ಬಿಡಿಸಿದ ಮರುದಿನವೇ ಧಣಿಗಳು, ಮರ ಕಡಿಯಲು ಆಕ್ಷೇಪವಿದೆಯೇ, ಅಳೆದು ನೋಡಿ ಎಂದು ಪಂಚಾಯತಿಗೆ ಅರ್ಜಿ ಕೊಟ್ಟರು. ಕಾರ್ಯದರ್ಶಿಗಳು ಟೇಪು ತಂದರು. ತೋಡಿನ ನಡುವೆ ಮಗು ಉಚ್ಚೆ ಹೊಯ್ದಷ್ಟು ನೀರು, ಎರಡೂ ಕಡೆ ಮರಳು. ದಡದಿಂದ ಅಳೆಯಬೇಕು ಎಂದೆ.

"ನೀವು ನೀರಿನಿಂದ ಅಂತಲೇ ಬರೆದದ್ದಲ್ವಾ ಟೀಚರ್?" ಎಂದರು ಧಣಿಗಳು ಬಹಳ ನಯವಾಗಿ. "ನೀರು ಎಲ್ಲಿ ಉಂಟೋ ಅಲ್ಲಿಂದ ಅಳೆಯುವ."

ಟೇಪಿನ ಸೊನ್ನೆಯ ತುದಿ ಹಿಡಿದು ನೀರಿನಲ್ಲಿ ನಿಂತವಳು ನಾನೇ. ಐದು ಮೀಟರು ಮರಳಿನಲ್ಲೇ ಮುಗಿಯಿತು. ಮರಗಳು ಅದರಾಚೆ ಇದ್ದವು. ಹೀಗೆ ನಮ್ಮ ಪಂಚಾಯತಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಮರಳನ್ನು ಕಾನೂನುಬದ್ಧವಾಗಿ ರಕ್ಷಿಸಿತು. ಉಳಿದ ಕಚೇರಿಗಳಿಗೆ ನಮ್ಮ ಆಕ್ಷೇಪವಿಲ್ಲ ಎಂಬ ಪತ್ರವೇ ಸಾಕಾಯಿತು. ಎರಡು ದಿನದಲ್ಲಿ ಹೊಳೆಮತ್ತಿಗಳು ಲಾರಿ ಹತ್ತಿ ಮಿಜಾರಿನ ಕಡೆ ಹೋದವು.

ಜೂನ್ ಮಳೆಗೆ ದಡ ಕುಸಿದು ಗುಂಡಿ ಮಣ್ಣಿನಿಂದ ತುಂಬಿತು. ನೀರುನಾಯಿಗಳು ಮತ್ತೆ ಕಾಣಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ನಾನು ತಿದ್ದುಪಡಿ ಮಂಡಿಸಿದೆ: 'ನೀರಿನಿಂದ' ಎಂಬುದರ ಬದಲು 'ಮಳೆಗಾಲದ ದಡದಿಂದ'. ಸರ್ವಾನುಮತದಿಂದ ಅಂಗೀಕಾರವಾಯಿತು. ಕಡಿಯಲು ಮರವೇ ಇಲ್ಲದ ಮೇಲೆ ವಿರೋಧಿಸುವವರು ಯಾರು?

ಡಿಸೆಂಬರಿನಲ್ಲಿ ಆರು ಮನೆಯವರು ಎರಡು ಸಲ ಕಟ್ಟ ಹಾಕಿದರು. ಸಡಿಲ ಮಣ್ಣಿನಲ್ಲಿ ದಿಮ್ಮಿ ನಿಲ್ಲದೆ ಎರಡು ಸಲವೂ ಒಡೆಯಿತು. ಎರಡನೆಯ ಸಲ ಒಡೆದ ಸಂಜೆ ಅಕ್ಕ ನಮ್ಮ ಅಂಗಳಕ್ಕೆ ಬಂದು, ಕೆಸರಿನ ಕಾಲು ತೊಳೆದು, ಜಗಲಿಯಲ್ಲಿ ಕುಳಿತರು.

"ನಮ್ಮ ಬಾವಿ ಫೆಬ್ರವರಿಗೆ ಆರ್ತದೆ ಟೀಚರ್," ಎಂದರು. "ಆಮೇಲೆ ನಿಮ್ಮ ಬಾವಿಗೆ ಬರಬಹುದಾ?"

ಬನ್ನಿ, ನಮ್ಮದು ಆಳದ ಬಾವಿ ಎಂದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಫೆಬ್ರವರಿಯಿಂದ ಆರು ಮನೆಯ ಹೆಂಗಸರೂ ಕೊಡ ಹಿಡಿದು ಗುಡ್ಡೆ ಹತ್ತಿ ಬರುತ್ತಿದ್ದಾರೆ. ಯಾರೂ ನಿರ್ಣಯದ ಸುದ್ದಿ ಎತ್ತುವುದಿಲ್ಲ. ಒಮ್ಮೆಯಾದರೂ ಬೈದಿದ್ದರೆ ಚೆನ್ನಾಗಿತ್ತು.